160 ಡಿಗ್ರಿಯಲ್ಲಿ ನಡೆಯುವ ಪೊರೆ: ಕೊಳ್ಳುವ ಮುನ್ನ ಕೇಳಬೇಕಾದದ್ದು

ಆಮ್ಲ ಹೀರಿಸಿದ, ಪಾಲಿಬೆಂಜಿಮಿಡಜೋಲ್ ಎಂಬ ಪಾಲಿಮರಿನ ಪೊರೆಯನ್ನು ಸಿದ್ಧರೂಪದಲ್ಲಿ ತರಿಸಬಹುದೇ ಎಂದು ಕೇಳುವ ಸಹೋದ್ಯೋಗಿಗಳಿಗೆ ನನ್ನ ಉತ್ತರ: ಧಾರಾಳವಾಗಿ ತರಿಸಬಹುದು. ಹೈಡ್ರೋಜನ್ ಮತ್ತು ಗಾಳಿಯಿಂದ ವಿದ್ಯುತ್ ಹುಟ್ಟಿಸುವ, ಹೆಚ್ಚಿನ ಉಷ್ಣತೆಯಲ್ಲಿ ನಡೆಯುವ ಇಂಧನ ಕೋಶವನ್ನು ವಿದ್ಯಾರ್ಥಿಗಳ ಕೈಯಿಂದ ಕಟ್ಟಿಸಿ ನೋಡಬೇಕು ಎನ್ನುವ ಕಾಲೇಜಿಗೆ ಇದಕ್ಕಿಂತ ನಂಬಿಕೆಯ ದಾರಿ ನನಗೆ ಕಾಣುತ್ತಿಲ್ಲ. ಆದರೆ ಹಣ ಕೊಡುವ ಮೊದಲು ಒಂದು ಮಾತು ಗಟ್ಟಿಯಾಗಿ ತಿಳಿದಿರಬೇಕು. ಈ ಪೊರೆಯಲ್ಲಿ ಪಾಲಿಮರ್ ಸುಲಭಕ್ಕೆ ಕೈಕೊಡುವುದಿಲ್ಲ. ಕೋಶದ ಆಯುಷ್ಯ ನಿಂತಿರುವುದು ಅದರೊಳಗಿನ ಫಾಸ್ಫಾರಿಕ್ ಆಮ್ಲದ ಮೇಲೆ. ಎಷ್ಟು ಆಮ್ಲವಿದೆ, ಹಾಳೆಯ ಉದ್ದಗಲಕ್ಕೂ ಸಮನಾಗಿದೆಯೇ, ಎಷ್ಟು ಕಾಲ ಒಳಗೇ ನಿಲ್ಲುತ್ತದೆ ಎಂಬುದನ್ನು ಹೇಳದ ಮಾರಾಟಗಾರ ಅರ್ಧ ಸರಕನ್ನಷ್ಟೇ ಮಾರುತ್ತಿದ್ದಾನೆ.

ನಾನು ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ರಸಾಯನಶಾಸ್ತ್ರ ಕಲಿಸುತ್ತೇನೆ. ನಮ್ಮಲ್ಲಿರುವುದು ಒಂದು ಸಣ್ಣ ಪ್ರಯೋಗಾಲಯ: 25 ಚದರ ಸೆಂಟಿಮೀಟರ್ ವಿಸ್ತೀರ್ಣದ ಒಂಟಿ ಕೋಶ, ಅದಕ್ಕೊಂದು ಪರೀಕ್ಷಾ ಪೀಠ, ಅನಿಲದ ಸಿಲಿಂಡರುಗಳು, ಹೊಗೆ ಎಳೆಯುವ ಕಪಾಟು. ನಾವು ತರಿಸಿದ್ದು ಸುಮಾರು 60 ಮೈಕ್ರಾನ್ ದಪ್ಪದ, ಮೊದಲೇ ಆಮ್ಲ ಹೀರಿಸಿದ ಹಾಳೆಗಳನ್ನು. ನನ್ನ ದೂರುಗಳೂ ಈ ಬರಹದಲ್ಲಿರುವುದರಿಂದ ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಯಾರಿಂದ ತರಿಸಿದರೂ ನೋಡಬೇಕಾದ ಗುಣಗಳು ಇವೇ.

ಇದಕ್ಕೂ ಮೊದಲು ಬಹಳ ಕಾಲ ನಾವು ನೆಫಿಯಾನ್ ಬಳಸುತ್ತಿದ್ದೆವು. ಡ್ಯುಪಾಂಟ್ ಕಂಪನಿಯಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಆ ಪೊರೆ ಇಂದಿಗೂ ಇಂಧನ ಕೋಶದ ಲೋಕದ ಬೆನ್ನೆಲುಬು. ಅದರ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಅದು ನೀರಿನ ದಾಸ. ಪ್ರೋಟಾನ್ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕಾದರೆ ಪೊರೆ ತೇವವಾಗಿರಲೇಬೇಕು. ತೇವ ಉಳಿಯಬೇಕಾದರೆ ಉಷ್ಣತೆ ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಹೀಗಾಗಿ ಎರಡೂ ಅನಿಲಗಳಿಗೆ ತೇವ ಸೇರಿಸುವ ಸಲಕರಣೆ ಬೇಕು, ಅದಕ್ಕೆ ಅಯಾನು ತೆಗೆದ ನೀರು ಬೇಕು, ಕೊಳವೆಗಳಲ್ಲಿ ನೀರು ಕಟ್ಟಿಕೊಳ್ಳದಂತೆ ಸದಾ ಕಣ್ಣಿಟ್ಟಿರಬೇಕು. ನೀರು ಹೆಚ್ಚಾದರೆ ಗಾಳಿ ಬರುವ ಬದಿಯ ವಿದ್ಯುದ್ವಾರವಾದ ಕ್ಯಾಥೋಡ್ ಮುಳುಗುತ್ತದೆ, ಕಡಿಮೆಯಾದರೆ ಪೊರೆ ಒಣಗುತ್ತದೆ. ವಿದ್ಯಾರ್ಥಿಗಳು ಕೋಶದ ಬಗ್ಗೆ ಕಲಿಯುವುದಕ್ಕಿಂತ ಹೆಚ್ಚು ಸಮಯವನ್ನು ನೀರಿನ ಲೆಕ್ಕಕ್ಕೇ ಕೊಡುತ್ತಿದ್ದರು.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. 80 ಡಿಗ್ರಿಯಲ್ಲಿ, ವಿದ್ಯುದ್ವಾರದ ಕ್ರಿಯಾವರ್ಧಕವಾದ ಪ್ಲಾಟಿನಂ ಮೇಲೆ ಕಾರ್ಬನ್ ಮಾನಾಕ್ಸೈಡ್ ಬಲವಾಗಿ ಅಂಟಿಕೊಳ್ಳುತ್ತದೆ. ಹೈಡ್ರೋಜನ್‌ನಲ್ಲಿ ಅದು ದಶಲಕ್ಷಕ್ಕೆ ಹತ್ತು ಭಾಗದಷ್ಟಿದ್ದರೂ ಕೋಶ ಸೊರಗುತ್ತದೆ. ಅಂದರೆ ಅತಿ ಶುದ್ಧ ಹೈಡ್ರೋಜನ್ ಇಲ್ಲದೆ ಕೆಲಸವಿಲ್ಲ. ಉಷ್ಣತೆ 160 ಡಿಗ್ರಿಗೆ ಏರಿದಾಗ ಆ ಅಂಟು ಸಡಿಲವಾಗುತ್ತದೆ. ಶೇಕಡಾ 1ರಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮಾನಾಕ್ಸೈಡ್ ಇದ್ದರೂ ಕೋಶ ತಾಳಿಕೊಳ್ಳುತ್ತದೆ. ಪಾಲಿಬೆಂಜಿಮಿಡಜೋಲ್ ಪೊರೆಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಈ ಪಾಲಿಮರಿನ ಹುಟ್ಟಿಗೂ ಇಂಧನ ಕೋಶಕ್ಕೂ ಸಂಬಂಧವಿರಲಿಲ್ಲ. ವೋಗೆಲ್ ಮತ್ತು ಮಾರ್ವೆಲ್ ಎಂಬ ರಸಾಯನಶಾಸ್ತ್ರಜ್ಞರು 1961ರಲ್ಲಿ ಅಮೆರಿಕದಲ್ಲಿ ಇದರ ಆರೊಮ್ಯಾಟಿಕ್ ರೂಪವನ್ನು ವರದಿ ಮಾಡಿದರು. ಸುಮಾರು 425 ಡಿಗ್ರಿಯವರೆಗೂ ಮೆದುವಾಗದ, ಬೆಂಕಿಗೆ ಹೊತ್ತಿಕೊಳ್ಳದ ಈ ವಸ್ತು ನೂಲಾಗಿ ಅಗ್ನಿಶಾಮಕ ಸಿಬ್ಬಂದಿಯ ಉಡುಪಿಗೆ ಸೇರಿತು. ಒಣಗಿದ ಪಾಲಿಮರ್ ತಾನಾಗಿ ಪ್ರೋಟಾನನ್ನು ಸಾಗಿಸುವುದಿಲ್ಲ. ಆದರೆ ಅದರ ಸರಪಳಿಯಲ್ಲಿ ಮತ್ತೆ ಮತ್ತೆ ಬರುವ ಪ್ರತಿ ಘಟಕದಲ್ಲಿಯೂ ಎರಡು ಇಮಿಡಜೋಲ್ ಉಂಗುರಗಳಿವೆ. ಅವುಗಳ ನೈಟ್ರೋಜನ್ ಕ್ಷಾರಗುಣದ್ದು, ಆಮ್ಲವನ್ನು ಹಿಡಿದುಕೊಳ್ಳಬಲ್ಲದು. ಕ್ಲೀವ್‌ಲ್ಯಾಂಡ್‌ನ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ವೇನ್‌ರೈಟ್, ಸ್ಯಾವಿನೆಲ್, ಲಿಟ್ ಮತ್ತು ಅವರ ಸಂಗಡಿಗರು ಇದಕ್ಕೆ ಫಾಸ್ಫಾರಿಕ್ ಆಮ್ಲ ಹೀರಿಸಿದರೆ ಇಂಧನ ಕೋಶಕ್ಕೆ ಹೊಂದುವ ಪೊರೆಯಾಗುತ್ತದೆ ಎಂದು 1995ರಲ್ಲಿ ತೋರಿಸಿದರು.

ಫಾಸ್ಫಾರಿಕ್ ಆಮ್ಲವೇ ಏಕೆ ಎಂದು ತರಗತಿಯಲ್ಲಿ ಪ್ರತಿ ವರ್ಷವೂ ಕೇಳುತ್ತಾರೆ. ಬೇರೆ ಬಹುಪಾಲು ಆಮ್ಲಗಳಿಗೆ ಪ್ರೋಟಾನ್ ಸಾಗಿಸಲು ನೀರಿನ ನೆರವು ಬೇಕು. ಫಾಸ್ಫಾರಿಕ್ ಆಮ್ಲದ ಅಣುಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಲ್ಲಿ ಹೆಣೆದುಕೊಂಡಿರುತ್ತವೆ. ಒಂದು ಅಣು ತನ್ನ ಪ್ರೋಟಾನನ್ನು ಪಕ್ಕದ್ದಕ್ಕೆ ದಾಟಿಸಿ, ಇನ್ನೊಂದು ಕಡೆಯಿಂದ ಬಂದದ್ದನ್ನು ತಾನು ಪಡೆಯುತ್ತದೆ. ಲಾರಿಗೆ ಕಬ್ಬಿನ ಕಂತೆ ತುಂಬುವ ಸಾಲಿನಲ್ಲಿ ಆಳುಗಳು ನಿಂತಲ್ಲೇ ನಿಂತಿದ್ದು ಕಂತೆಯಷ್ಟೇ ಕೈಯಿಂದ ಕೈಗೆ ಸಾಗುತ್ತದೆಯಲ್ಲ, ಹಾಗೆ. ಇದಕ್ಕೆ ನೀರಿನ ಅಗತ್ಯ ಬಹಳ ಕಡಿಮೆ. ಮೇಲಾಗಿ ಈ ಆಮ್ಲ 160 ಡಿಗ್ರಿಯಲ್ಲಿ ಸುಲಭವಾಗಿ ಆವಿಯಾಗಿ ಹೋಗುವುದಿಲ್ಲ.

ಇನ್ನು ನಮ್ಮ ಕೈಗೆ ಬಂದ ಸರಕಿನ ವಿಚಾರ.

ಮೊದಲ ಪೊಟ್ಟಣ ಬಂದದ್ದು ಮಳೆಗಾಲದಲ್ಲಿ. ಹಾಳೆಗಳನ್ನು ಸಾಧಾರಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕಳುಹಿಸಿದ್ದರು. ತೆರೆದಾಗ ಅಂಚುಗಳಲ್ಲಿ ಅಂಟಂಟಾದ ಹನಿಗಳು ಕೂತಿದ್ದವು. ಫಾಸ್ಫಾರಿಕ್ ಆಮ್ಲ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ವಸ್ತು. ಹಾಗೆ ತೆಳುವಾದ ಆಮ್ಲ ಪೊರೆಯಿಂದ ಹೊರಗೆ ಒಸರಿತ್ತು. ಚೀಲದ ಒಳಮೈ ಒರೆಸಿದ ಪಿಎಚ್ ಕಾಗದ ಆ ಕ್ಷಣವೇ ಕೆಂಪಾಯಿತು. ಬೆಲೆಬಾಳುವ ಸರಕನ್ನು, ಅದೂ ಚರ್ಮಕ್ಕೆ ತಾಗಿದರೆ ಸುಡುವ ಆಮ್ಲವಿರುವ ಸರಕನ್ನು ಹೀಗೆ ಕಟ್ಟಿ ಕಳುಹಿಸಬಾರದು. ಇದನ್ನು ನಾನು ತಯಾರಕರಿಗೆ ಬರೆದೂ ತಿಳಿಸಿದೆ.

ಹಾಳೆಯ ರೂಪ ಮಾತ್ರ ಕಣ್ಣಿಗೆ ಹಿತವಾಗಿತ್ತು. ಜೇನಿನ ಬಣ್ಣ, ತುಸು ಕಂದು ಛಾಯೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ಪಾರದರ್ಶಕ. ಕೈಗವಸು ಹಾಕಿಕೊಂಡು ಮುಟ್ಟಿದರೆ ಮೆತ್ತಗಿದೆ, ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಒಣ ಪಾಲಿಬೆಂಜಿಮಿಡಜೋಲ್ ಹಾಳೆ ಇಷ್ಟು ಮೆತ್ತಗಿರುವುದಿಲ್ಲ. ಅದು ಬಿಗಿ, ಗಟ್ಟಿ. ಆಮ್ಲ ಒಳಹೊಕ್ಕು ಸರಪಳಿಗಳನ್ನು ದೂರ ಸರಿಸಿದಾಗ ಈ ಮೆದುತನ ಬರುತ್ತದೆ. ಎಷ್ಟು ಆಮ್ಲ ಹೆಚ್ಚೋ ಅಷ್ಟು ವಾಹಕತೆ ಹೆಚ್ಚು, ಅಷ್ಟೇ ಬಲ ಕಡಿಮೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬ ತೀರ್ಮಾನದಲ್ಲಿಯೇ ತಯಾರಕನ ಕೌಶಲ ಗೊತ್ತಾಗುತ್ತದೆ.

ಆಮ್ಲದ ಪ್ರಮಾಣವನ್ನು ಅವರ ಮಾತಿನ ಮೇಲೆ ಬಿಡದೆ ನಾವೇ ಅಳೆದೆವು. ಯಾವ ಕಾಲೇಜಿನಲ್ಲಿಯೂ ಮಾಡಬಹುದಾದ ಪರೀಕ್ಷೆ ಇದು, ಹಾಗಾಗಿ ವಿವರವಾಗಿ ಬರೆಯುತ್ತೇನೆ. ಹಾಳೆಯಿಂದ ಸರಿಯಾಗಿ 1 ಗ್ರಾಂ ತೂಗುವ ತುಂಡುಗಳನ್ನು ಕತ್ತರಿಸಿಕೊಳ್ಳಿ. ಬಿಸಿ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ಆಮ್ಲವನ್ನೆಲ್ಲ ನೀರಿಗೆ ಇಳಿಸಿ. ಆ ನೀರನ್ನು ಪ್ರಮಾಣಿತ ಸೋಡಿಯಂ ಹೈಡ್ರಾಕ್ಸೈಡ್‌ನೊಂದಿಗೆ ಟೈಟ್ರೇಟ್ ಮಾಡಿ, ಅಂದರೆ ಅದನ್ನು ಹನಿಹನಿಯಾಗಿ ಸೇರಿಸಿ ಎಷ್ಟು ಬೇಕಾಯಿತು ಎಂದು ಅಳೆಯಿರಿ. ಬಣ್ಣದ ಸೂಚಕವಾದ ಫೀನಾಲ್ಫ್ಥಲೀನ್ ಗುಲಾಬಿಯಾಗುವ ಹೊತ್ತಿಗೆ ಆಮ್ಲದ ಮೂರು ಪ್ರೋಟಾನುಗಳ ಪೈಕಿ ಎರಡು ತಟಸ್ಥವಾಗಿರುತ್ತವೆ ಎಂಬುದನ್ನು ಲೆಕ್ಕದಲ್ಲಿ ಮರೆಯಬೇಡಿ. ತೊಳೆದ ಪೊರೆಯನ್ನು ನಿರ್ವಾತದಲ್ಲಿ 110 ಡಿಗ್ರಿಯಲ್ಲಿ ಒಣಗಿಸಿ ತೂಗಿ.

ನಡುಭಾಗದ ತುಂಡಿನಲ್ಲಿ ನಮಗೆ ಸಿಕ್ಕ ಪಾಲಿಮರ್ 0.21 ಗ್ರಾಂ, ಆಮ್ಲ 0.67 ಗ್ರಾಂ, ಮಿಕ್ಕ 0.12 ಗ್ರಾಂ ನೀರು. ಆಮ್ಲದ ಅಣುತೂಕ 98, ಪಾಲಿಮರಿನ ಒಂದು ಘಟಕದ ತೂಕ 308. ಭಾಗಿಸಿ ನೋಡಿದರೆ ಒಂದು ಘಟಕಕ್ಕೆ ಹತ್ತು ಆಮ್ಲದ ಅಣುಗಳು. ಅವರ ವಿವರಪತ್ರದಲ್ಲಿ ಹೇಳಿದ್ದೂ ಅದೇ. ಈ ಹತ್ತರಲ್ಲಿ ಎರಡು ಮಾತ್ರ ನೈಟ್ರೋಜನ್‌ಗಳಿಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ. ಉಳಿದ ಎಂಟು ಸರಪಳಿಗಳ ನಡುವಿನ ಸಂದಿಗಳಲ್ಲಿ ನಿಂತ ಬಿಡುವಿನ ಆಮ್ಲ. ಪ್ರೋಟಾನ್ ಓಡುವುದು ಬಹುಪಾಲು ಈ ಎಂಟರ ನಡುವೆ, ಸೋರಿ ಹೋಗುವ ಭಯವೂ ಈ ಎಂಟಕ್ಕೇ. ಪೊರೆಯ ಬಗ್ಗೆ ಹೇಳಬೇಕಾದ ಮುಖ್ಯ ಸಂಗತಿಯೆಲ್ಲ ಈ ಎರಡು ಮತ್ತು ಎಂಟರಲ್ಲಿದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ.

ಅಂಚಿನ ತುಂಡು ಬೇರೆ ಕಥೆ ಹೇಳಿತು. ಅಲ್ಲಿ ಎಂಟೂವರೆಗಿಂತ ಮೇಲೇರಲಿಲ್ಲ. ಮೈಕ್ರೋಮೀಟರ್ ಹಿಡಿದು ನೋಡಿದರೆ ದಪ್ಪವೂ ಒಂದೇ ಇರಲಿಲ್ಲ: ಒಂದು ಬದಿಯಲ್ಲಿ 54 ಮೈಕ್ರಾನ್, ನಡುವೆ 61, ಎದುರು ಬದಿಯಲ್ಲಿ 68. ಜೊತೆಗೆ ಬಂದಿದ್ದ ಕಾಗದ ಎಲ್ಲರಿಗೂ ಕೊಡುವ ಸಾಮಾನ್ಯ ವಿವರಪತ್ರ. ಈ ಹಾಳೆ ತಯಾರಿಕೆಯ ಯಾವ ತಂಡದ್ದು (ಬ್ಯಾಚ್), ಯಾವಾಗ ಆಮ್ಲ ಹೀರಿಸಿದ್ದು, ಅಳತೆ ಏನು ಬಂತು ಎಂಬ ಒಂದು ಸಾಲೂ ಇರಲಿಲ್ಲ. ಔಷಧಿಯ ಪಟ್ಟಿಯ ಮೇಲೂ ತಂಡದ ಸಂಖ್ಯೆ ಇರುವ ಕಾಲದಲ್ಲಿ ಇದನ್ನು ಒಪ್ಪಿಕೊಳ್ಳಲು ನನಗೆ ಸಾಧ್ಯವಾಗಲಿಲ್ಲ.

ನಮ್ಮ ಟೈಟ್ರೇಷನ್ ಫಲಿತಾಂಶಗಳನ್ನು ದೂರಿನೊಂದಿಗೆ ಲಗತ್ತಿಸಿ ಕಳುಹಿಸಿದೆವು. ಇಷ್ಟು ವ್ಯತ್ಯಾಸ ಸಹಜ ಎಂಬ ಉತ್ತರ ಮೊದಲು ಬಂತು. ಮತ್ತೆ ಬರೆದಾಗ ಅವರ ತಾಂತ್ರಿಕ ವಿಭಾಗದವರೊಬ್ಬರು ತಾವೇ ಕರೆ ಮಾಡಿ, ಪ್ರತಿ ತುಂಡನ್ನು ಎಲ್ಲಿಂದ ಕತ್ತರಿಸಿದ್ದು ಎಂದು ಕೇಳಿ ಬರೆದುಕೊಂಡು, ಬದಲಿ ಹಾಳೆಗಳನ್ನು ಕಳುಹಿಸಿಕೊಟ್ಟರು. ಎರಡನೆಯ ಪೊಟ್ಟಣ ಅಲ್ಯೂಮಿನಿಯಂ ಲೇಪದ ಚೀಲದಲ್ಲಿ, ಟೆಫ್ಲಾನ್ ಹಾಳೆಗಳ ನಡುವೆ, ತೇವ ಹೀರುವ ಕಾಳುಗಳೊಂದಿಗೆ ಬಂತು. ದಪ್ಪದ ವ್ಯತ್ಯಾಸ ಬಹಳ ಇಳಿದಿತ್ತು. ಹನಿಗಳಿರಲಿಲ್ಲ. ಈ ವಿಮರ್ಶೆಯಲ್ಲಿ ಮುಂದೆ ಬರುವ ಅಳತೆಗಳೆಲ್ಲ ಈ ಎರಡನೆಯ ಕಂತಿನವು. ಕೇಳಿದವರಿಗೆ ಒಳ್ಳೆಯ ಸರಕು, ಕೇಳದವರಿಗೆ ಸಿಕ್ಕಿದ್ದು ಎಂಬಂತಾಗಬಾರದು ಎಂಬ ಅಸಮಾಧಾನ ನನಗೆ ಇನ್ನೂ ಉಳಿದಿದೆ. ಆದರೆ ದೂರಿಗೆ ಅವರು ಸ್ಪಂದಿಸಿದ ರೀತಿಯನ್ನು ಮೆಚ್ಚಲೇಬೇಕು.

ಜೋಡಣೆಯ ಬಗ್ಗೆ ವಿವರಪತ್ರಗಳು ಹೆಚ್ಚು ಹೇಳುವುದಿಲ್ಲ. ಪೊರೆಯ ಎರಡೂ ಬದಿಗೆ ಪ್ಲಾಟಿನಂ ಲೇಪಿಸಿದ ಕಾರ್ಬನ್ ಕಾಗದದ ವಿದ್ಯುದ್ವಾರಗಳು, ಅವುಗಳ ಆಚೆ ಅನಿಲ ಹರಿಯುವ ಗೀರುಗಳಿರುವ ಗ್ರಾಫೈಟ್ ಫಲಕಗಳು, ಕೊನೆಗೆ ಬೋಲ್ಟು ಹಾಕುವ ತುದಿಫಲಕಗಳು. ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ, ಟಾರ್ಕ್ ಸ್ಪ್ಯಾನರ್ ಹಿಡಿದು ಬಿಗಿಯಬೇಕು. ನೆಫಿಯಾನ್ ಕೋಶಕ್ಕೆ ಬಿಗಿದಷ್ಟೇ ಒತ್ತಡ ಇದಕ್ಕೆ ಕೊಟ್ಟರೆ ಮೆತ್ತಗಿನ ಪೊರೆ ತೆಳುವಾಗುತ್ತಾ ಹೋಗಿ ಆಮ್ಲ ಹಿಂಡಿ ಹೊರಬರುತ್ತದೆ. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನಮಗೆ ಗ್ರಾಫೈಟ್ ಫಲಕ ಕೊರೆದುಕೊಡುವ ಒಂದು ಸಣ್ಣ ಕಾರ್ಯಾಗಾರವಿದೆ. ನಾನು ಒತ್ತಡದ ಅಂಕಿಗಳನ್ನೆಲ್ಲ ವಿವರಿಸಿದ ಮೇಲೆ ಅಲ್ಲಿನ ಯಜಮಾನರು, "ಮೇಡಂ, ಎಷ್ಟು ಒತ್ತಬೇಕು ಎಂದು ಹೇಳುತ್ತಿದ್ದೀರಿ. ಎಲ್ಲಿ ನಿಲ್ಲಬೇಕು ಎನ್ನುವುದನ್ನು ಹೇಳಿ, ನಾನು ಮಾಡಿಕೊಡುತ್ತೇನೆ" ಎಂದರು.

ಅವರ ಮಾತಿನಲ್ಲಿಯೇ ಪರಿಹಾರವಿತ್ತು. ಗಾಜಿನ ನಾರಿಗೆ ಟೆಫ್ಲಾನ್ ಹಚ್ಚಿದ, ಸುಲಭಕ್ಕೆ ಕುಗ್ಗದ ಗ್ಯಾಸ್ಕೆಟ್ಟನ್ನು ವಿದ್ಯುದ್ವಾರಕ್ಕಿಂತ ತುಸು ತೆಳುವಾಗಿ ಕತ್ತರಿಸಿ ಇಟ್ಟರೆ, ಬೋಲ್ಟು ಎಷ್ಟೇ ಬಿಗಿದರೂ ಫಲಕಗಳು ಆ ಗ್ಯಾಸ್ಕೆಟ್ಟಿಗೆ ತಾಗಿ ನಿಲ್ಲುತ್ತವೆ. ಪೊರೆಯ ಮೇಲೆ ಬೀಳುವ ಭಾರಕ್ಕೆ ಅಲ್ಲಿಗೆ ಮಿತಿ ಬಿತ್ತು. ಅವರು ಕತ್ತರಿಸಿಕೊಟ್ಟ ಗ್ಯಾಸ್ಕೆಟ್‌ಗಳ ಅಂಚು ಬ್ಲೇಡಿನಲ್ಲಿ ಗೀಚಿದ್ದಕ್ಕಿಂತ ನೂರು ಪಾಲು ಶುದ್ಧ. ಮೈಸೂರಿನಲ್ಲಿ ಇಂಥ ಕೈಗಳಿವೆ ಎಂಬುದು ಈ ಊರಿನಲ್ಲಿ ಪ್ರಯೋಗ ಮಾಡುವವರ ಭಾಗ್ಯ. ತುದಿಫಲಕಕ್ಕೆ ಬರಿಯ ಅಲ್ಯೂಮಿನಿಯಂ ಬಳಸುವವರು ಎಚ್ಚರ ವಹಿಸಬೇಕು. ಒಸರಿದ ಆಮ್ಲ ತಾಗಿದಲ್ಲಿ ಬಿಳಿಯ ಹೊಪ್ಪಳೆ ಏಳುತ್ತದೆ.

ಕೋಶ ನಡೆಸುವ ಕ್ರಮ ಕಟ್ಟುನಿಟ್ಟು. ತಣ್ಣಗಿರುವಾಗ ಹೈಡ್ರೋಜನ್ ಬಿಟ್ಟು ವಿದ್ಯುತ್ ಎಳೆಯಕೂಡದು. ಕೋಶದಲ್ಲಿ ಹುಟ್ಟುವ ನೀರು 100 ಡಿಗ್ರಿಗಿಂತ ಕೆಳಗೆ ದ್ರವವಾಗಿ ನಿಲ್ಲುತ್ತದೆ, ಆ ನೀರು ಬಿಡುವಿನ ಆಮ್ಲವನ್ನು ಕರಗಿಸಿ ಹೊರಗೆ ಒಯ್ಯುತ್ತದೆ. ಆದ್ದರಿಂದ ಒಣ ನೈಟ್ರೋಜನ್ ಹರಿಸುತ್ತಾ, ತುದಿಫಲಕದೊಳಗಿನ ಬಿಸಿಕಡ್ಡಿಗಳಿಂದ 120 ಡಿಗ್ರಿ ದಾಟಿಸಿದ ಮೇಲೆಯೇ ಹೈಡ್ರೋಜನ್. ನಿಲ್ಲಿಸುವಾಗಲೂ ಮೊದಲು ಲೋಡ್ ತೆಗೆದು, ಹೈಡ್ರೋಜನನ್ನು ನೈಟ್ರೋಜನ್‌ನಿಂದ ತಳ್ಳಿ, ಒಳಗೆಲ್ಲ ಒಣಗಿದೆ ಎಂದು ಖಾತರಿಯಾದ ಮೇಲೆ ತಣಿಯಲು ಬಿಡಬೇಕು.

160 ಡಿಗ್ರಿಯಲ್ಲಿ, ಶುದ್ಧ ಹೈಡ್ರೋಜನ್ ಮತ್ತು ಗಾಳಿ ಕೊಟ್ಟು, ತೇವ ಸೇರಿಸುವ ಯಾವ ಸಲಕರಣೆಯೂ ಇಲ್ಲದೆ ನಮಗೆ ತೆರೆದ ಮಂಡಲದಲ್ಲಿ 0.95 ವೋಲ್ಟ್ ಸಿಕ್ಕಿತು. ಚದರ ಸೆಂಟಿಮೀಟರಿಗೆ 0.2 ಆಂಪಿಯರ್, ಅಂದರೆ ನಮ್ಮ ಕೋಶದಲ್ಲಿ 5 ಆಂಪಿಯರ್ ಎಳೆದಾಗ 0.62 ವೋಲ್ಟ್. ನೆಫಿಯಾನ್ ಇದೇ ವಿದ್ಯುತ್ತಿಗೆ ಇದಕ್ಕಿಂತ ಹೆಚ್ಚು ವೋಲ್ಟೇಜ್ ಕೊಡುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಫಾಸ್ಫೇಟ್ ಅಯಾನುಗಳು ಕ್ಯಾಥೋಡಿನ ಪ್ಲಾಟಿನಂ ಮೇಲೆ ಕೂತು ಆಮ್ಲಜನಕಕ್ಕೆ ಜಾಗ ಕಡಿಮೆ ಮಾಡುತ್ತವೆ. ಆ ಕೊರತೆ ತುಂಬಲು ಹೆಚ್ಚು ಪ್ಲಾಟಿನಂ ಬೇಕಾಗುತ್ತದೆ. ಈ ತಂತ್ರಜ್ಞಾನದ ಅತಿ ದೊಡ್ಡ ಕೊರತೆ ನನ್ನ ದೃಷ್ಟಿಯಲ್ಲಿ ಇದು, ಪೊರೆ ಎಷ್ಟೇ ಚೆನ್ನಾಗಿದ್ದರೂ ತಪ್ಪದ್ದು.

ಮಾನಾಕ್ಸೈಡ್ ಪರೀಕ್ಷೆಗೆ ನಾವು ಶೇಕಡಾ 1ರಷ್ಟು ಅದನ್ನು ಬೆರೆಸಿದ, ಪ್ರಮಾಣಪತ್ರವಿರುವ ಹೈಡ್ರೋಜನ್ ಸಿಲಿಂಡರ್ ತರಿಸಿದ್ದೆವು. ವಾಸನೆಯಿಲ್ಲದ ಮಾರಕ ಅನಿಲವಾದ್ದರಿಂದ ಇಡೀ ಪೀಠವನ್ನು ಹೊಗೆ ಎಳೆಯುವ ಕಪಾಟಿನೊಳಗಿಟ್ಟು, ಹೊರಗೆ ಎಚ್ಚರಿಕೆಯ ಗಂಟೆ ಹಾಕಿ, ವಿದ್ಯಾರ್ಥಿಗಳನ್ನು ಗಾಜಿನ ಆಚೆ ನಿಲ್ಲಿಸಿ ಮಾಡಿದ ಪರೀಕ್ಷೆ. ಶುದ್ಧ ಅನಿಲದಿಂದ ಮಿಶ್ರಣಕ್ಕೆ ಕವಾಟ ತಿರುಗಿಸಿದಾಗ ಎಲ್ಲರ ಕಣ್ಣೂ ವೋಲ್ಟ್‌ಮೀಟರಿನ ಮೇಲೆ. 0.62 ಇದ್ದದ್ದು ಮೆಲ್ಲಗೆ 0.61ಕ್ಕೆ, ಆಮೇಲೆ 0.60ಕ್ಕೆ ಇಳಿದು ಅಲ್ಲಿಯೇ ನಿಂತಿತು. ನೆಫಿಯಾನ್ ತಾಳುವ ಮಿತಿಗಿಂತ ಸಾವಿರ ಪಟ್ಟು ಹೆಚ್ಚು ವಿಷ ಕುಡಿದು ನಿಂತ ಕೋಶ ಅದು. ಉಷ್ಣತೆಯನ್ನು 130 ಡಿಗ್ರಿಗೆ ಇಳಿಸಿ ಮತ್ತೆ ನೋಡಿದೆವು. ಈ ಬಾರಿ ವೋಲ್ಟೇಜ್ ನಿಲ್ಲದೆ ಇಳಿಯುತ್ತಲೇ ಹೋಯಿತು, 0.5 ದಾಟಿದಾಗ ನಾವೇ ನಿಲ್ಲಿಸಿದೆವು. ಅದೇ ಪೊರೆ, ಅದೇ ಪ್ಲಾಟಿನಂ, ನಡುವೆ 30 ಡಿಗ್ರಿ. ಅಧ್ಯಾಯವಿಡೀ ಪಾಠ ಮಾಡಿದರೂ ಮುಟ್ಟದ ವಿಷಯ ಅಂದು ಆ ಮಕ್ಕಳಿಗೆ ಮುಟ್ಟಿತು. ನಾನು ಈ ಪೊರೆಗೆ ಕೊಟ್ಟ ಹಣ ಆ ಒಂದು ಮಧ್ಯಾಹ್ನಕ್ಕೇ ಸಾರ್ಥಕ ಎಂದುಕೊಂಡಿದ್ದೇನೆ.

ಮಂಡ್ಯದ ಕಡೆಯಿಂದ ಬರುವ ವಿದ್ಯಾರ್ಥಿಗಳು ಇಲ್ಲಿ ತಪ್ಪದೇ ಕೇಳುವ ಪ್ರಶ್ನೆ ಎಥನಾಲಿನದು. ಮನೆಯಲ್ಲಿ ಕಬ್ಬು ಬೆಳೆಯುವವರು ಅವರು. ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದವರು ಎಥನಾಲಿನಿಂದ ಹೈಡ್ರೋಜನ್ ತೆಗೆದು ಇದಕ್ಕೆ ಕೊಡಬಹುದೇ ಎಂದು ಕೇಳಿದರೆ ಅದು ಹೊಟ್ಟೆಪಾಡಿನ ಪ್ರಶ್ನೆ, ಹಗುರವಾಗಿ ಉತ್ತರಿಸಬಾರದು. ಮೆಥನಾಲ್ ಮಾತ್ರ ಇದಕ್ಕೆ ಸಲೀಸು: ತಾಮ್ರ ಮತ್ತು ಸತುವಿನ ಕ್ರಿಯಾವರ್ಧಕದ ಮೇಲೆ ನೀರಾವಿಯೊಂದಿಗೆ ಸುಮಾರು 250 ಡಿಗ್ರಿಯಲ್ಲಿ ಒಡೆದು ಹೈಡ್ರೋಜನ್ ಕೊಡುತ್ತದೆ, ಜೊತೆಗೆ ಬರುವ ಅಷ್ಟಿಷ್ಟು ಮಾನಾಕ್ಸೈಡನ್ನು ಈ ಪೊರೆಯ ಕೋಶ ಹಾಗೆಯೇ ನುಂಗಿಕೊಳ್ಳುತ್ತದೆ. ಶುದ್ಧೀಕರಣದ ಕೊನೆಯ ಹಂತವೇ ಬೇಡ. ಎಥನಾಲಿನಲ್ಲಿ ಎರಡು ಕಾರ್ಬನ್ನುಗಳ ನಡುವಿನ ಬಂಧವನ್ನು ಮುರಿಯಬೇಕು. ಅದಕ್ಕೆ ಇನ್ನೂ ಹೆಚ್ಚಿನ ಉಷ್ಣತೆ ಬೇಕು, ದಾರಿಯಲ್ಲಿ ಮೀಥೇನ್ ಹುಟ್ಟುತ್ತದೆ, ಕ್ರಿಯಾವರ್ಧಕದ ಮೇಲೆ ಮಸಿ ಕೂರುತ್ತದೆ. ಹಾಗೆಂದು ಆಗದ ಕೆಲಸವಲ್ಲ. ಅಲ್ಲಿಯೂ ಕೊನೆಗೆ ಮಾನಾಕ್ಸೈಡನ್ನು ಶೇಕಡಾ 1ಕ್ಕೆ ತಂದರೆ ಸಾಕು, ದಶಲಕ್ಷಕ್ಕೆ ಹತ್ತರ ತನಕ ಇಳಿಸಬೇಕಿಲ್ಲ ಎನ್ನುವುದೇ ದೊಡ್ಡ ಅನುಕೂಲ. ಮಂಡ್ಯದ ಹುಡುಗರು ಈ ಕ್ರಿಯಾವರ್ಧಕದ ಕಡೆ ಮನಸ್ಸು ಕೊಡಲಿ ಎಂದು ನನಗೆ ತುಂಬಾ ಆಸೆ.

ಬಾಳಿಕೆಯ ವಿಷಯಕ್ಕೆ ಬರುತ್ತೇನೆ. ಇದೇ ಬಗೆಯ, ಬಿಎಎಸ್‌ಎಫ್ ಕಂಪನಿಯ ಸೆಲ್ಟೆಕ್ ಎಂಬ ಪೊರೆ ಮತ್ತು ವಿದ್ಯುದ್ವಾರಗಳ ಜೋಡಣೆ 160 ಡಿಗ್ರಿಯಲ್ಲಿ 20,000 ಗಂಟೆಗಳ ಬಾಳಿಕೆ ತೋರಿಸಿರುವುದು ಪ್ರಕಟವಾದ ಸಂಗತಿ. ಅದರ ಪೊರೆಯನ್ನು ತಯಾರಿಸುವ ವಿಧಾನ ಬೇರೆ. ಪಾಲಿಫಾಸ್ಫಾರಿಕ್ ಆಮ್ಲದಲ್ಲಿಯೇ ಪಾಲಿಮರನ್ನು ಬೆಳೆಸಿ, ಹಾಳೆಯಾಗಿ ಎರೆದು, ಗಾಳಿಯ ತೇವದಿಂದ ಆ ದ್ರಾವಕವೇ ಫಾಸ್ಫಾರಿಕ್ ಆಮ್ಲವಾಗಿ ಮಾರ್ಪಡುವಂತೆ ಮಾಡುತ್ತಾರೆ. ಬೆನಿಸೆವಿಕ್ಸ್ ಮತ್ತು ಅವರ ಸಂಗಡಿಗರು 2005ರಲ್ಲಿ ವರದಿ ಮಾಡಿದ ಈ ದಾರಿಯಲ್ಲಿ ಒಂದು ಘಟಕಕ್ಕೆ ಇಪ್ಪತ್ತು ಮೂವತ್ತು ಅಣುಗಳಷ್ಟು ಆಮ್ಲ ನಿಲ್ಲುತ್ತದೆ. ನಾವು ತರಿಸಿದ್ದು ಮೊದಲು ಹಾಳೆ ಎರೆದು ಆಮೇಲೆ ಆಮ್ಲದಲ್ಲಿ ನೆನೆಸಿದ್ದು. ಹಣವಿದ್ದರೆ, ಎಡೆಬಿಡದೆ ನಡೆಸುವ ಉದ್ದೇಶವಿದ್ದರೆ ಮೊದಲನೆಯದೇ ಮೇಲು. ಬೋಧನೆಗೆ ಎರಡನೆಯದು ಸಾಕು, ಅದು ಗಟ್ಟಿ ಕೂಡ.

ಒಂದೇ ಸಮನೆ ಓಡಿದರೆ ಪೊರೆ ಚೆನ್ನಾಗಿ ಬಾಳುತ್ತದೆ. ಅದನ್ನು ಕೊಲ್ಲುವುದು ನಿಲುಗಡೆ. ನಮ್ಮಲ್ಲಿ ವಿದ್ಯುತ್ ಹೇಳದೆ ಕೇಳದೆ ಹೋಗುತ್ತದೆ. ಬಿಸಿಕಡ್ಡಿ ಆರಿ, ಕೋಶ ತೇವದಲ್ಲಿಯೇ ತಣಿದರೆ ಒಳಗೆ ಕಟ್ಟಿದ ನೀರಿನೊಂದಿಗೆ ಆಮ್ಲ ಹೊರಟುಹೋಗುತ್ತದೆ. ಇದನ್ನು ನಾವು ಊಹೆಗೆ ಬಿಡಲಿಲ್ಲ. ಕ್ಯಾಥೋಡಿನ ಹೊರಕೊಳವೆಯಿಂದ ಬರುವ ನೀರನ್ನು ಸೀಸೆಯಲ್ಲಿ ಹಿಡಿದು, ಅಮೋನಿಯಂ ಮಾಲಿಬ್ಡೇಟ್ ಹಾಕಿ, ಆಸ್ಕಾರ್ಬಿಕ್ ಆಮ್ಲದಿಂದ ಬಣ್ಣ ಬರಿಸಿ ನೋಡಿದೆವು. ನೀರಿನಲ್ಲಿ ಫಾಸ್ಫಾರಿಕ್ ಆಮ್ಲವಿದ್ದರೆ ನೀಲಿ ಬರುತ್ತದೆ. ಸಮವಾಗಿ ಓಡುವ ಕೋಶದ ನೀರು ಬಣ್ಣ ಬಂದೂ ಬಾರದಂತೆ ತಿಳಿಯಾಗಿಯೇ ಉಳಿಯಿತು. ವಿದ್ಯುತ್ ಹೋಗಿ ತಣಿದ ಮೇಲೆ ಹಿಡಿದ ನೀರು ಕಡುನೀಲಿಯಾಯಿತು. ಎರಡೂ ಸೀಸೆಗಳನ್ನು ಕಿಟಕಿಯ ಬಳಿ ಅಕ್ಕಪಕ್ಕ ಇಟ್ಟಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ.

ಅದಕ್ಕೆ ನಾವು ಮಾಡಿಕೊಂಡ ವ್ಯವಸ್ಥೆ ಸರಳ. ನೈಟ್ರೋಜನ್ ಕೊಳವೆಗೆ ವಿದ್ಯುತ್ ಇಲ್ಲದಿರುವಾಗ ತಾನೇ ತೆರೆದುಕೊಳ್ಳುವ ಸೊಲೆನಾಯ್ಡ್ ಕವಾಟ, ಹೈಡ್ರೋಜನ್ ಕೊಳವೆಗೆ ವಿದ್ಯುತ್ ಇಲ್ಲದಿರುವಾಗ ತಾನೇ ಮುಚ್ಚಿಕೊಳ್ಳುವ ಕವಾಟ. ವಿದ್ಯುತ್ ಹೋದ ಕ್ಷಣವೇ ಒಂದು ಮುಚ್ಚಿ ಇನ್ನೊಂದು ತೆರೆದು, ಕೋಶ ಬಿಸಿ ಆರುವ ಮೊದಲು ಒಳಗಿನ ಆವಿಯನ್ನೆಲ್ಲ ಒಣ ಅನಿಲ ಹೊರಗೆ ತಳ್ಳುತ್ತದೆ. ಈ ಜೋಡಿ ಕವಾಟವಿಲ್ಲದೆ ನಮ್ಮ ಜಿಲ್ಲೆಗಳಲ್ಲಿ ಯಾರೂ ಈ ಪೊರೆಗೆ ಕೈ ಹಾಕಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ. ತಯಾರಕರ ಕೈಪಿಡಿಯಲ್ಲಿ ಇದರ ಪ್ರಸ್ತಾಪ ಇರಲೇಬೇಕಿತ್ತು, ಇಲ್ಲ.

ಹಾಳೆ ಕೊಳ್ಳುವ ಬದಲು ಪ್ರಯೋಗಾಲಯದಲ್ಲಿಯೇ ತಯಾರಿಸಬಾರದೇ ಎಂದು ಕೇಳುವವರೂ ಇದ್ದಾರೆ. ಪಾಲಿಮರ್ ಪುಡಿ ತಂದು ಡೈಮೀಥೈಲ್ ಅಸೆಟಮೈಡಿನಲ್ಲಿ ಕರಗಿಸಿ ಗಾಜಿನ ಮೇಲೆ ಎರೆಯಬಹುದು, ನಾವೂ ಎರೆಯುತ್ತೇವೆ. ಆದರೆ ಪಾಲಿಮರನ್ನೇ ಸಂಶ್ಲೇಷಿಸಲು ಬೇಕಾಗುವ ಡೈಅಮಿನೊಬೆಂಜಿಡಿನ್ ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವ ವಸ್ತು. ಪದವಿ ವಿದ್ಯಾರ್ಥಿಗಳ ಕೈಗೆ ಅದನ್ನು ನಾನು ಕೊಡುವುದಿಲ್ಲ. ಇನ್ನು ಹೊಸ ದಾರಿಯೊಂದಿದೆ. ಲಾಸ್ ಅಲಮೋಸ್ ಪ್ರಯೋಗಾಲಯದ ತಂಡ 2016ರಲ್ಲಿ ಕ್ವಾಟರ್ನರಿ ಅಮೋನಿಯಂ ಗುಂಪು ಮತ್ತು ಬೈಫಾಸ್ಫೇಟ್ ಅಯಾನುಗಳ ಜೋಡಿಯಿಂದ ಆಮ್ಲವನ್ನು ಇನ್ನೂ ಬಿಗಿಯಾಗಿ ಹಿಡಿದಿಡುವ ಪೊರೆಯನ್ನು ವರದಿ ಮಾಡಿತು. ಅದು 80ರಿಂದ 160 ಡಿಗ್ರಿಯವರೆಗೆ ನಡೆಯುತ್ತದೆ, ನೀರು ಕಂಡರೆ ಅಷ್ಟು ಹೆದರುವುದಿಲ್ಲ. ನಮ್ಮಂಥವರ ಕೈಗೆಟಕುವ ಬೆಲೆಗೆ ಅದು ಬಂದ ದಿನ ನಾನು ಈ ವಿಮರ್ಶೆಯನ್ನು ಮತ್ತೆ ಬರೆಯುತ್ತೇನೆ.

ಬೆಲೆ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಸುಂಕ, ಸಾಗಣೆ ಸೇರಿದರೆ ಸಣ್ಣ ಕಾಲೇಜಿಗೆ ಭಾರವೇ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ನ 19,744 ಕೋಟಿ ರೂಪಾಯಿಯಲ್ಲಿ ಸಂಶೋಧನೆಗೆಂದು ಇಟ್ಟದ್ದು 400 ಕೋಟಿ. ಇನ್ನಷ್ಟು ಇಡಬೇಕಿತ್ತು ಎಂಬುದು ನನ್ನ ಬೇಡಿಕೆ. ಮೈಸೂರು ಮತ್ತು ಮಂಡ್ಯ ಎರಡೂ ಕಡೆ ಪಾಲಿಮರ್ ವಿಜ್ಞಾನ ಕಲಿಸುವ ವಿಭಾಗಗಳಿವೆ. ಹಾಳೆ ಎರೆಯುವ, ಆಮ್ಲ ಹೀರಿಸುವ ಕೆಲಸ ಇಲ್ಲಿಯೇ ಆಗಬಹುದಾದದ್ದು.

ತರಿಸುವವರು ಬೇಡಿಕೆ ಪತ್ರದಲ್ಲಿಯೇ ಇಷ್ಟನ್ನು ಬರೆಸಿ: ತಂಡದ ಸಂಖ್ಯೆ, ಆಮ್ಲ ಹೀರಿಸಿದ ದಿನಾಂಕ, ನಡುಭಾಗ ಮತ್ತು ಅಂಚುಗಳ ದಪ್ಪ, ಟೈಟ್ರೇಷನ್ನಿನಿಂದ ಕಂಡುಕೊಂಡ ಆಮ್ಲದ ಪ್ರಮಾಣ, ತೇವ ತಾಗದ ಚೀಲ. ಮಳೆಗಾಲ ಕಳೆದ ಮೇಲೆ ತರಿಸುವುದು ಒಳ್ಳೆಯದು. ಬಂದ ದಿನವೇ ಒಂದು ಮೂಲೆಯನ್ನು ಕತ್ತರಿಸಿ ತೂಗಿ, ಟೈಟ್ರೇಟ್ ಮಾಡಿ, ಅಂಕಿಗಳು ಕೈಗೆ ಬಂದ ಮೇಲೆಯೇ ಬಿಲ್ಲಿಗೆ ಸಹಿ ಹಾಕಿ.